ಉಲ್ಟಾ ಮಾಡಿದ ಪ್ಯಾಂಟು

ನಾನು ರಾಯದುರ್ಗದ ಬಜಾರಿನಲ್ಲಿ, ಒಂದು ಬಟ್ಟೆ ಅಂಗಡಿಯ ಮುಂದೆ ಮಿಷನ್ ಹಾಕಿಕೊಂಡಿರುವ ಟೈಲರ್. ನಮ್ಮ ಗಿರಾಕಿಗಳೆಲ್ಲ ಎಲ್ಲಿಗೆ ಹೋಗುತ್ತಿದ್ದಾರೆ ನೋಡಿಯೇ ಬಿಡೋಣ ಅಂತ ಒಂದು ದಿನ ಬಳ್ಳಾರಿ ಬೈಪಾಸಿನ ಹೊಸ ಮಾಲಿಗೆ ಹೋದೆ. ಬಾಗಿಲಲ್ಲೇ ಸೆಕ್ಯೂರಿಟಿಯವನು ನನ್ನ ಜೇಬಿನಿಂದ ದಾರ ಕತ್ತರಿಸುವ ಪುಟ್ಟ ಕತ್ತರಿ ತೆಗೆದಿಟ್ಟುಕೊಂಡ.

"ಹೋಗುವಾಗ ತಗೊಳ್ರಿ" ಅಂದ.

ಒಳಗೆ ಒಂದು ಜೀನ್ಸ್ ಪ್ಯಾಂಟು ಎತ್ತಿಕೊಂಡು ಅಭ್ಯಾಸದಂತೆ ಉಲ್ಟಾ ಮಾಡಿದೆ. ಹೊಲಿಯುವವರು ಬಟ್ಟೆ ನೋಡುವುದೇ ಒಳಗಿನಿಂದ. ಮಾರುವ ಹುಡುಗಿ ಓಡಿ ಬಂದಳು.

"ಸರ್, ಉಲ್ಟಾ ಮಾಡಬಾರ್ದು. ಹೊರಗಿಂದ ನೋಡ್ರಿ."

"ಯಾಕಮ್ಮ? ಹೊಲಿಗೆ ಒಳಗಲ್ಲೇನು ಇರೋದು?"

"ರೂಲ್ಸ್ ಸರ್. ಮಡಿಕೆ ಹಾಳಾಗ್ತೈತಿ."

ನಮ್ಮ ಬಟ್ಟೆ ಅಂಗಡಿಯ ಸಾಹುಕಾರರು ಗಿರಾಕಿ ಕೇಳುವ ಮೊದಲೇ ಪ್ಯಾಂಟು ಉಲ್ಟಾ ಮಾಡಿ, "ಸೀಟಿನ ಹೊಲಿಗೆ ಜಗ್ಗಿ ನೋಡ್ರಿ" ಅಂತ ಕೈಗೆ ಕೊಡುತ್ತಾರೆ. ಇಲ್ಲೂ ಜಗ್ಗಿದೆ. ಹೊಲಿಗೆ ಹಲ್ಲು ಕಿರಿಯಿತು.

"ಒಳಗಡೆ ತೋರಿಸಾಕ ಅಂಜೋ ಅಂಗಡ್ಯಾಗ ನಾ ತಗೊಳ್ಳಂಗಿಲ್ಲಮ್ಮ" ಅಂದೆ. ಪ್ಯಾಂಟನ್ನು ಉಲ್ಟಾ ಇದ್ದಂತೆಯೇ ನೀಟಾಗಿ ಮಡಚಿಟ್ಟು ಹೊರಟೆ.

ಕತ್ತರಿ ವಾಪಸು ಕೊಡುವಾಗ ಸೆಕ್ಯೂರಿಟಿಯವನ ತೋಳಿನಿಂದ ಒಂದು ದಾರ ಜೋತಾಡುತ್ತಿತ್ತು. ಅವನನ್ನು ಕೇಳದೆಯೇ ಕತ್ತರಿಸಿದೆ. ಅವನು ಅತ್ತಿತ್ತ ನೋಡಿ ಮೆಲ್ಲಗೆ ಹೇಳಿದ:

"ಯೂನಿಫಾರ್ಮಿನ ಇನ್ನೊಂದು ಪ್ಯಾಂಟಿನ ಹೊಲಿಗೆನೂ ಬಿಚ್ಚೈತ್ರಿ. ನೀವು ಟೈಲರ್ ಇರಬೇಕು. ನಿಮ್ಮ ಅಂಗಡಿ ಎಲ್ಲಿ?"

"ರಾಯದುರ್ಗದ ಬಜಾರಿಗೆ ಬರ್ರಿ. ಅಲ್ಲಿ ಯಾರೂ ಜೇಬು ನೋಡಂಗಿಲ್ಲ."

ಮುಂದಿನ ವಾರ ಬಂದೇಬಿಟ್ಟ. ನಾನು ಬಾಯಿ ಬಿಡುವ ಮೊದಲೇ ಪ್ಯಾಂಟನ್ನು ಉಲ್ಟಾ ಮಾಡಿ ನನ್ನ ಕೈಗಿಟ್ಟ.