ಮುತ್ಯಾ ತಪಾಸಣೆ ಮಾಡಿದ ಆಟಗಳು

ಮುತ್ಯಾನ ಬಲಗೈ ಹೆಬ್ಬೆರಳಿನ ಉಗುರು ಸದಾ ಉದ್ದವಾಗಿರುತ್ತಿತ್ತು. ಭಿವಂಡಿಯ ಮಗ್ಗಗಳಲ್ಲಿ ಬಟ್ಟೆ ತಪಾಸಣೆ ಮಾಡಿದವರು. ಬಟ್ಟೆಯನ್ನು ಬೆಳಕಿಗೆ ಹಿಡಿದು, ಆ ಉಗುರನ್ನು ಅಂಚಿನುದ್ದಕ್ಕೂ ಎಳೆದು, ಎಳೆ ಎಲ್ಲಿ ಕಡಿದಿದೆ ಎಂದು ಹೇಳಿಬಿಡುತ್ತಿದ್ದರಂತೆ. ನಾನು ಕಂಡ ಕಾಲಕ್ಕೆ ಆ ಉಗುರು ನನ್ನ ಮೊಬೈಲಿನ ಗಾಜಿನ ಮೇಲೆ ಟಕಟಕ ಓಡುತ್ತಿತ್ತು. ನನಗೋ ಗಾಜಿನದೇ ಚಿಂತೆ.

ಕಲಬುರಗಿ ಕಡೆಯವರು. ಡೊಂಬಿವಲಿಯ ನಮ್ಮ ಸೊಸೈಟಿಯ ನೆಲಮಹಡಿಯಲ್ಲಿ ಮಗಳು, ಮೊಮ್ಮಗಳ ಜೊತೆ ಇದ್ದರು. ಅವರ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ. ಉಡುಪಿಯವರಾದ ನಾವೂ ಹಾಗೇ ಕರೆದೆವು. ಯಾರನ್ನೂ ನಂಬುವ ಜೀವವಲ್ಲ. ಹಾಲಿನ ಪ್ಯಾಕೆಟ್ಟನ್ನು ಅಂಗೈಯಲ್ಲಿ ತೂಗಿ ನೋಡುವರು, ಲಿಫ್ಟ್ ರಿಪೇರಿಯವನ ಚೀಲದೊಳಗೆ ಇಣುಕುವರು. ನವಿ ಮುಂಬಯಿಯ ಕಂಪನಿಯೊಂದರಲ್ಲಿ ವಿಡಿಯೋ ಗೇಮ್ ಪರೀಕ್ಷಿಸುವ ಕೆಲಸ ಸಿಕ್ಕಿತೆಂದು ನಾನು ಪೇಡಾ ಕೊಟ್ಟರೆ, ಪೇಡಾವನ್ನೂ ಮೂಸಿ ನೋಡಿದರು.

"ಆಟ ಆಡ್ಲಿಕ್ಕಿ ಪಗಾರ ಕೊಡ್ತಾರಂದ್ರ ಅದ್ರಾಗ ಏನೋ ಅದ, ತಂಗಿ. ತಾ ಇಲ್ಲಿ, ನೋಡೂಣು."

ಹಾಗೆ ಭಾನುವಾರ ಬೆಳಿಗ್ಗೆ ಗೇಟಿನ ಪಕ್ಕದ ಬೆಂಚಿನಲ್ಲಿ ತಪಾಸಣೆ ಶುರುವಾಯಿತು. ಇಟ್ಟಿಗೆ ಜೋಡಿಸುವ ಆಟ ಅವರಿಗೆ ಹಿಡಿಸಿತು. "ಸೋತ್ರ ತಪ್ಪು ನಂದು. ಮರ್ಯಾದಸ್ತ ಆಟ. ಆದ್ರ ಕಣ್ಣು ಮುಚ್ಚಿದ್ರೂ ಇಟ್ಟಂಗಿ ಬೀಳ್ತಾವ, ಅದೊಂದು ಐಬು." ಕಾರಿನ ಆಟದ ರಸ್ತೆಯಲ್ಲಿ ಒಂದೂ ಗುಂಡಿ ಇಲ್ಲದ್ದು ಕಂಡು, ಇದು ಯಾವ ಊರೆಂದು ಕೇಳಿದರು. ಬಂದೂಕಿನ ಆಟದಲ್ಲಿ ಹೆಜ್ಜೆ ಸಪ್ಪಳದ ದಿಕ್ಕು ಹಿಡಿಯುವುದು ಕಿವಿಗೆ ಒಳ್ಳೆಯದು, ಆದರೆ ಸತ್ತವನ ಚೀಲ ತಡಕುವುದು ಹೇಸಿಗೆ ಎಂದರು. ಬೇಸಾಯದ ಆಟದ ಮೇಲೆ ಮಾತ್ರ ನಿಜವಾದ ಸಿಟ್ಟು: ಒಂದೇ ನಿಮಿಷಕ್ಕೆ ಟೊಮೆಟೊ ಹಣ್ಣಾಗಿತ್ತು.

ಅವರು ಹೇಳಿದ್ದನ್ನು ನನ್ನ ಭಾಷೆಗೆ ತಿರುಗಿಸಿ ವರದಿಯಲ್ಲಿ ಬರೆಯುತ್ತಿದ್ದೆ. ಆಫೀಸಿನಲ್ಲಿ ಶಭಾಷ್ ನನಗೆ ಸಿಗುತ್ತಿತ್ತು.

ನನ್ನ ನೌಕರಿ ಖಾಯಂ ಆಗುವ ತಿಂಗಳು ಮಕ್ಕಳ ಆಟವೊಂದು ಬಂತು. ಬಣ್ಣದ ಮೀನುಗಳು, ಮುದ್ದಾದ ಸಂಗೀತ. ಸೋತ ಕೂಡಲೇ ಪರದೆಯ ತುಂಬ ಹಿಂದಿಯಲ್ಲಿ 'ಅಂತಿಮ ಅವಸರ್' ಎಂದು ಬರುತ್ತಿತ್ತು. ಪಕ್ಕದಲ್ಲಿ ಹತ್ತರಿಂದ ಕೆಳಗಿಳಿಯುವ ಗಡಿಯಾರ, ಕೆಳಗೆ ದುಡ್ಡು ಕಟ್ಟುವ ಗುಂಡಿ.

ಮುತ್ಯಾ ಅಕ್ಷರ ಕೂಡಿಸಿ ಓದಿದರು. "ನೋಡು, ತಾನೇ ಒಪ್ಕೊಂಡಾನ. ಅವಸರ ಅಂತ ಬರದಾನ!"

ನನಗೆ ನಗು ತಡೆಯಲಾಗಲಿಲ್ಲ. "ಅದು ಹಿಂದಿ ಮಾರಾಯ್ರೆ. ಅವಸರ ಅಂದ್ರೆ ಅವಕಾಶ. ಕೊನೆಯ ಅವಕಾಶ ಅಂತ."

ಅವರು ನಗಲಿಲ್ಲ. "ಅವಕಾಶ ಕೊಡಾಂವ ಗಡಿಯಾರ ಹಿಡ್ಕೊಂಡು ಯಾಕ ನಿಂತಾನ? ಕೂಸಿಗೆ ವಿಚಾರ ಮಾಡ್ಲಿಕ್ಕಿ ಬಿಡವಲ್ಲ. ಇದು ಪಾಸ್ ಆಗಬಾರ್ದು, ತಂಗಿ."

ಸೋಮವಾರ ವರದಿಯಲ್ಲಿ ಅದನ್ನೇ ಬರೆದೆ. ಮೇಲಿನವರು ಕರೆದು, ಇದು ದೋಷವಲ್ಲ, ಬೇಕೆಂದೇ ಇಟ್ಟದ್ದು, ನಿನ್ನ ಖಾಯಮಾತಿಯ ಕಾಗದ ಇನ್ನೂ ಸಹಿಯಾಗಿಲ್ಲ ಅಲ್ಲವೇ ಎಂದು ಬಹಳ ಮೆತ್ತಗೆ ಕೇಳಿದರು. ಸಾಲನ್ನು ಅಳಿಸಿದೆ. ಪಾಸ್ ಎಂದು ಬರೆದೆ.

ಮುಂದಿನ ಭಾನುವಾರ ಮುತ್ಯಾ ಕೇಳಿದರು. "ಆ ಗಡಿಯಾರ?"

"ತೆಗೆಸಿದೆ ಮುತ್ಯಾ."

ಮೊಬೈಲ್ ಕೊಡು, ನೋಡೂಣು ಎನ್ನುತ್ತಾರೆಂದು ಕಾದೆ. ಕೇಳಲಿಲ್ಲ. ಹಾಲಿನವನನ್ನೂ ಲಿಫ್ಟಿನವನನ್ನೂ ನಂಬದ ಮನುಷ್ಯ "ಚಲೋ ಆತು" ಎಂದು ಎದ್ದು ಹೋದರು. ಕೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಎರಡು ತಿಂಗಳಾಗಿತ್ತು. ಕೋಪರಿಯಲ್ಲಿದ್ದ ತಮ್ಮ ತಂಗಿಯ ಮನೆಗೆ ಹೋದ ಮುತ್ಯಾ ಅಲ್ಲೇ ಎದೆನೋವು ಬಂದು ತೀರಿಕೊಂಡರು. ವಾರ ಕಳೆದ ಮೇಲೆ ಅವರ ಮಗಳನ್ನು ಮಾತಾಡಿಸಲು ನೆಲಮಹಡಿಗೆ ಹೋದೆ. ಹತ್ತು ವರ್ಷದ ಮೊಮ್ಮಗಳು ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದಳು. ಪರದೆಯಲ್ಲಿ ಬಣ್ಣದ ಮೀನುಗಳು. ಸೋತಳು, ಗಡಿಯಾರ ಇಳಿಯತೊಡಗಿತು. ಅವಳ ಬೆರಳು ದುಡ್ಡಿನ ಗುಂಡಿಯ ಹತ್ತಿರ ಹೋಯಿತು.

"ಬೇಡ ಪುಟ್ಟಾ," ಎಂದೆ.

"ಕ್ಯೂಂ ದೀದಿ? ಮುತ್ಯಾ ಬೋಲೇ ಥೇ, ಯೇ ವಾಲಾ ಖೇಲ್. ದೀದೀನೇ ಚೆಕ್ ಕಿಯಾ ಹೈ." ದೀದಿ ತಪಾಸಣೆ ಮಾಡಿದ್ದಾಳೆ, ಇದನ್ನೇ ಆಡು ಎಂದು ಮುತ್ಯಾ ಹೇಳಿದ್ದರಂತೆ.

ಮೊಬೈಲನ್ನು ಅವಳ ಕೈಯಿಂದ ತೆಗೆದುಕೊಂಡೆ. "ಮೈನೇ ಮುತ್ಯಾ ಸೇ ಝೂಟ್ ಬೋಲಾ ಥಾ," ಮುತ್ಯಾಗೆ ನಾನು ಸುಳ್ಳು ಹೇಳಿದ್ದೆ ಎಂದೆ. ಚಹಾ ತರುತ್ತಿದ್ದ ಅವಳ ತಾಯಿ ಬಾಗಿಲಲ್ಲೇ ನಿಂತುಬಿಟ್ಟರು.