ಇಡಲಾ, ಅಳಿಸಲಾ?

ನಮ್ಮ ಸೋದರತ್ತೆಯ ಬಾಯಿಂದ ಒಂದು ಗುಟ್ಟು ಹೊರಡಿಸೋದು ಅಂದರೆ ಕಲ್ಲಿನಲ್ಲಿ ನಾರು ತೆಗೆದ ಹಾಗೆ. ಮೂವತ್ತು ವರ್ಷದಿಂದ ಟೈಪಿಂಗ್ ಅಂಗಡಿ ನಡೆಸ್ತಿದ್ದಾರೆ. ಮೊದಲು ಟೈಪ್‌ರೈಟರ್ ಇತ್ತು, ಈಗ ಕಂಪ್ಯೂಟರ್. ರಜೆ ಅರ್ಜಿ, ಉಯಿಲು, ಗಂಡನ ಮೇಲಿನ ದೂರು, ಏನೇ ಆಗಲಿ ಅವರ ಬೆರಳಡಿಯಲ್ಲೇ ಹಾದುಹೋಗಬೇಕು. ನಾನು ಏಳು ವರ್ಷದಿಂದ ಪಕ್ಕದ ಕುರ್ಚಿಯಲ್ಲಿ ಕೂತು ಪ್ರಿಂಟ್ ತೆಗೀತೀನಿ. ಎರಡು ಮಕ್ಕಳ ತಾಯಿಯಾದರೂ ನನ್ನ ಬಾಯಲ್ಲಿ ಒಂದು ಮಾತು ನಿಲ್ಲಲ್ಲ. ಅತ್ತೆ ನನ್ನನ್ನು ಕರೆಯೋದೇ "ರೇಡಿಯೋ" ಅಂತ.

ಕಾಗದ ಪ್ರಿಂಟಾದ ಮೇಲೆ ಅತ್ತೆ ಗಿರಾಕಿಯನ್ನು ಕೇಳೋದು ಒಂದೇ ಪ್ರಶ್ನೆ: "ಇಡಲಾ, ಅಳಿಸಲಾ?" ಅಳಿಸಿ ಅಂದರೆ ಪರದೆಯನ್ನು ಅವರ ಕಡೆಗೆ ತಿರುಗಿಸಿ, ಅವರ ಕಣ್ಣೆದುರೇ ಅಳಿಸ್ತಾರೆ. ಇಡಿ ಅಂದರೆ ಬೀಗ ಹಾಕಿ ಇಡ್ತಾರೆ. ಇಡೀ ಡಿಸ್ಕಿಗೇ ಬೀಗ, ಪಾಸ್‌ವರ್ಡ್ ಇಲ್ಲದೆ ಒಂದಕ್ಷರ ಓದೋಕಾಗಲ್ಲ. ದಿನಾ ಬೆಳಿಗ್ಗೆ ಅದನ್ನು ತೆರೆಯೋದು ಅತ್ತೆಯೇ. ಸಂಜೆ ಎಲ್ಲದರ ಒಂದು ನಕಲು ಪೆನ್‌ಡ್ರೈವ್‌ಗೆ ಹೋಗಬೇಕು, ಅದಕ್ಕೂ ಬೀಗ. ಅದು ಅವರ ಊಟದ ಡಬ್ಬಿಯ ಚೀಲದಲ್ಲಿ ಮನೆಗೆ ಹೋಗುತ್ತೆ. "ಅಯ್ಯೋ ಅತ್ತೆ, ನಾವೇನು ಅರಮನೆ ಕಾಯ್ತಿದ್ದೀವಾ?" ಅಂತ ರೇಗಿಸ್ತಿದ್ದೆ.

ಹೋದ ವರ್ಷ ಹಲ್ಲುನೋವು ಬಂದು ಅತ್ತೆ ಒಂದು ದಿನ ಅಂಗಡಿಗೆ ಬರಲಿಲ್ಲ. ಫೋನಿನಲ್ಲಿ ಪಾಸ್‌ವರ್ಡ್ ಹೇಳಿದರು, "ಬರೆದಿಡಬೇಡ" ಅಂತ ಎರಡೆರಡು ಸಲ ಹೇಳಿದರು. ತಲೆ ಮೇಲೆ ಏರಿಸಿಕೊಂಡ ಕನ್ನಡಕವನ್ನೇ ಮನೆಯೆಲ್ಲ ಹುಡುಕೋಳು ನಾನು, ನನಗೆಲ್ಲಿ ನೆನಪಿರಬೇಕು? ಚೀಟಿಯಲ್ಲಿ ಬರೆದು ಕೀಬೋರ್ಡಿನ ಅಡಿಗೆ ಅಂಟಿಸಿದೆ. ಸಂಜೆ ತೆಗೆಯೋದು ಮರೆತೇಬಿಟ್ಟೆ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಬಂದು ನೋಡಿದರೆ ಅಂಗಡಿಯ ಬೀಗ ಒಡೆದಿದೆ. ಕಂಪ್ಯೂಟರೂ ಇಲ್ಲ, ಕೀಬೋರ್ಡೂ ಇಲ್ಲ. ಆಗ ನೆನಪಾಯ್ತು ನೋಡಿ, ಆ ಹಾಳು ಚೀಟಿ!

ಸುದ್ದಿ ಕೇಳಿ ನಮ್ಮ ಗಿರಾಕಿ, ಬಸ್ ಡ್ರೈವರ್ ಒಬ್ಬರು, ಓಡಿ ಬಂದರು. ಅವರ ಚಿಕಿತ್ಸೆಗೆ ರಿಯಾಯಿತಿ ಕೇಳೋ ಅರ್ಜಿ ನಮ್ಮಲ್ಲಿತ್ತು. ಪ್ರತಿ ತಿಂಗಳು ತಾರೀಖು ಬದಲಾಯಿಸಿ ಆಸ್ಪತ್ರೆಗೆ ಕೊಡಬೇಕು ಅಂತ "ಇಡಿ" ಅಂದಿದ್ದರು.

"ಅಮ್ಮಾ, ಮಗಳ ಪರೀಕ್ಷೆ ಮುಗಿಯೋವರೆಗೂ ಕಾಯಿಲೆ ವಿಷಯ ಮನೇಲಿ ಗೊತ್ತಾಗಬಾರದು ಅಂತ ಎದೆ ಕಲ್ಲು ಮಾಡಿಕೊಂಡು ಓಡಾಡ್ತಿದ್ದೀನಿ. ಯಾರಾದ್ರೂ ಓದಿಬಿಟ್ರೆ?"

"ಕೂತ್ಕೊಳಪ್ಪ, ನೀರು ಕುಡಿ," ಅಂದರು ಅತ್ತೆ. "ಹೋಗಿರೋದು ಡಬ್ಬ. ಅದರೊಳಗಿರೋದನ್ನ ಕಳ್ಳನೂ ಓದಲಾರ, ಅವನ ತಾತನೂ ಓದಲಾರ."

ನನಗೆ ತಡೆಯೋಕಾಗಲಿಲ್ಲ, ಗೊಳೋ ಅಂತ ಅತ್ತುಬಿಟ್ಟೆ. "ಓದ್ತಾನೆ ಅತ್ತೆ! ಪಾಸ್‌ವರ್ಡ್ ಬರೆದು ಕೀಬೋರ್ಡಿನ ಕೆಳಗೇ ಅಂಟಿಸಿದ್ದೆ!"

ಡ್ರೈವರ್ ಮುಖ ಬಿಳಿಚಿಕೊಂಡಿತು. ಅತ್ತೆ ಮಾತ್ರ ಒಡೆದ ಬೀಗವನ್ನು ಎತ್ತಿ ಮೇಜಿನ ಮೇಲಿಟ್ಟರು.

"ಗೊತ್ತು ಕಣೆ. ಮಾರನೇ ದಿನ ಧೂಳು ಒರೆಸುವಾಗ ಸಿಕ್ತು. ಆಗಲೇ ಪಾಸ್‌ವರ್ಡ್ ಬದಲಾಯಿಸಿದೆ. ಚೀಟಿ ಅಲ್ಲೇ ಬಿಟ್ಟೆ, ಯಾವನಾದ್ರೂ ಬಂದ್ರೆ ಅದನ್ನೇ ಒತ್ಕೊಂಡು ಕೂತಿರಲಿ ಅಂತ."

ಡ್ರೈವರ್ ಮೊದಲು ಕಣ್ಣೊರೆಸಿಕೊಂಡರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಮೂರು ದಿನ ಮುಖ ಊದಿಸ್ಕೊಂಡು ಕೂರ್ತಿದ್ದೆ. ನೀನಾಗೇ ಹೇಳಿದ ದಿನ ಮಾತಾಡೋಣ ಅಂತ ಬಿಟ್ಟೆ. ಊರವರ ಗುಟ್ಟನ್ನೆಲ್ಲ ಇಟ್ಕೊಂಡೋಳಿಗೆ ನಿನ್ನದೊಂದು ಭಾರವಾ?"

ಮುಂದಿನ ವಾರ ರಿಪೇರಿ ಅಂಗಡಿಯಿಂದ ಹಳೇ ಕಂಪ್ಯೂಟರ್ ಒಂದು ಬಂತು. ಪೆನ್‌ಡ್ರೈವ್‌ನಿಂದ ಕಾಗದಗಳೆಲ್ಲ ಅದಕ್ಕೆ ಸೇರಿದವು, ಡ್ರೈವರ್ ಕಾಗದಕ್ಕೆ ಹೊಸ ತಾರೀಖೂ ಬಿತ್ತು. ಆಮೇಲೆ ಅತ್ತೆ ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು.

"ಇದನ್ನ ತೆರೆಯೋಕೆ ನಿನಗೂ ಒಂದು ಪಾಸ್‌ವರ್ಡ್ ಇಟ್ಕೋ."

"ನನಗಾ? ಇಷ್ಟಾದ ಮೇಲೂ?"

"ಇಷ್ಟಾಗಿದ್ದಕ್ಕೇ. ಬೇಗ ಒತ್ತೇ, ಕಾಲು ನೋಯುತ್ತೆ," ಅಂತ ಗೋಡೆ ಕಡೆ ಮುಖ ತಿರುಗಿಸಿ ನಿಂತರು.

ಆ ಬೆನ್ನನ್ನೊಮ್ಮೆ ನೋಡಿ, ಖುಷಿಯಿಂದ ಕುರ್ಚಿ ಮುಂದಕ್ಕೆ ಎಳ್ಕೊಂಡೆ. ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿದೆ. ಏನಿಟ್ಟೆ ಅಂತ ನನ್ನ ಗಂಡ ಇವತ್ತಿಗೂ ಕೇಳ್ತಾನೆ. ರೇಡಿಯೋ ಹೇಳಿಲ್ಲ.