ಎಲೆ ಹೊತ್ತ ಸೈಕಲ್ಲು

ಹಾನಗಲ್ಲಿನ ಆಚೆ, ಗುಡ್ಡಗಳು ಶುರುವಾಗುವಲ್ಲಿ ಇರುವ ಆ ಇಳಿಜಾರು ಅಷ್ಟೇನೂ ದೊಡ್ಡದಲ್ಲ. ಗಾಡಿಯಲ್ಲಿ ಕುಳಿತವನು ಒಂದು ಬೀಡಿ ಸೇದುವುದರೊಳಗೆ ಮುಗಿದುಹೋಗುತ್ತದೆ. ನನಗೆ ಮಾತ್ರ ಅದು ಇನ್ನೂ ಮುಗಿದಿಲ್ಲ. ಊಟಕ್ಕೆ ಕುಳಿತಾಗ, ಯಾರೊಂದಿಗೋ ಮಾತಾಡುತ್ತಿರುವಾಗ, ತಟ್ಟನೆ ಕಣ್ಣೆದುರು ಬಂದು ನಿಲ್ಲುತ್ತದೆ. ಕೆಂಪು ಮಣ್ಣಿನ ರಸ್ತೆ. ಕೆಳಗೆ ಹಳ್ಳದ ಮೋರಿ. ಮೋರಿಯ ತುಂಬ ಜೋಡಿಯಾಗಿ ನಿಂತ ಎರಡು ಎತ್ತಿನ ಗಾಡಿ. ಅವುಗಳ ಕಡೆಗೆ ಜೋರಾಗಿ ಇಳಿಯುತ್ತಿರುವ ಮಾಮಾನ ಬೆನ್ನು.

ಮಾಮಾ ಎಂದರೆ ನನ್ನ ಅಕ್ಕನ ಗಂಡ. ಸವಣೂರಿನಲ್ಲಿ ಅವರದು ವೀಳ್ಯದೆಲೆ ಬಳ್ಳಿಯ ತೋಟ. ನುಗ್ಗೆ, ಚೊಗಚೆ ಗಿಡಗಳಿಗೆ ಹಬ್ಬಿಸಿದ ಬಳ್ಳಿಗಳ ನಡುವೆ ನಟ್ಟನಡು ಬೇಸಿಗೆಯಲ್ಲೂ ತಂಪು. ಧಾರವಾಡದಲ್ಲಿ ಕಾಲೇಜು ಓದುತ್ತಿದ್ದ ನಾನು ರಜೆ ಬಂತೆಂದರೆ ಯಲವಿಗಿ ಸ್ಟೇಷನ್ನಿನಲ್ಲಿ ಇಳಿದು ನೇರ ಅಕ್ಕನ ಮನೆಗೆ ಹೋಗುತ್ತಿದ್ದೆ. ಮಾಮಾ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಬಿ.ಎ. ಇನ್ನೂ ಮುಗಿದಿರದಿದ್ದರೂ 'ಬೀಯೆ' ಎನ್ನುತ್ತಿದ್ದರು. ಆ ಕರೆಯುವಿಕೆಯಲ್ಲಿ ಪ್ರೀತಿ ಎಷ್ಟಿತ್ತು, ಕುಟುಕು ಎಷ್ಟಿತ್ತು ಎಂಬುದು ನನಗೆ ತಿಳಿಯಲಿಲ್ಲ.

ಗುಡ್ಡದ ಸೆರಗಿನ ಸಂತೆಗಳಿಗೆ ಸವಣೂರಿನ ಎಲೆ ಮೊದಲಿನಿಂದಲೂ ಗಾಡಿಯಲ್ಲಿ ಹೋಗುತ್ತಿತ್ತು. ಗಾಡಿಗಳು ಹಿಂದಿನ ದಿನವೇ ಹೊರಡಬೇಕು. ತಲುಪುವ ಹೊತ್ತಿಗೆ ಎಲೆಯ ಅಂಚು ಬಾಡಿರುತ್ತಿತ್ತು. ಮಾಮಾ ಸಂಜೆ ಕೊಯ್ಸಿದ ಎಲೆಯನ್ನು ಪೆಂಡಿ ಕಟ್ಟಿ, ಹಸಿ ಗೋಣಿತಟ್ಟು ಸುತ್ತಿ, ಸೈಕಲ್ಲಿನ ಹಿಂದೆ ಬಿಗಿದು, ನಸುಕಿನಲ್ಲಿ ಹೊರಟು ಗಾಡಿಗಳನ್ನು ದಾರಿಯಲ್ಲೇ ಹಿಂದೆ ಹಾಕುತ್ತಿದ್ದರು. ಸಂತೆಯಲ್ಲಿ ಜನ ಮೊದಲು ಅವರ ಎಲೆಗೇ ಮುಗಿಬೀಳುತ್ತಿದ್ದರು. ಅವರನ್ನು ನೋಡಿ ಬೇರೆ ತೋಟದವರೂ ಸೈಕಲ್ಲು ಹುಡುಕತೊಡಗಿದ್ದರು. ಗಾಡಿಯವರಿಗೆ ಇದು ಹೊಟ್ಟೆಗೇ ಬಿದ್ದ ಏಟು. ದಾರಿಯಲ್ಲಿ ಜಾಲಿಮುಳ್ಳು ಚೆಲ್ಲಿದರು. ತೋಟದ ಬದುವಿನಲ್ಲಿ ನಿಂತು ಬೈದು ಹೋದರು.

"ನೀ ಸಂಗಾಟ ಹೋಗಪಾ," ಎಂದಳು ಅಕ್ಕ ಆ ಬೇಸಿಗೆಯಲ್ಲಿ. "ಇನ್ನೊಮ್ಮೆ ಬಂದ್ರ ಹೊಳ್ಳಿ ಹೋಗಂಗಿಲ್ಲ ಅಂದಾರಂತ. ಕಲತಾವ ಒಬ್ಬ ಜೋಡಿ ಇದ್ದರ ಕೈ ಮಾಡಾಕ ಹಿಂದ ಮುಂದ ನೋಡ್ತಾರ."

"ಹೌದೌದು, ಬೀಯೆ ಬಂದು ಅವರಿಗೆ ಇಂಗ್ಲೀಷ್ ಹೇಳ್ತಾನ, ಓಡಿ ಹೊಕ್ಕಾರ," ಎಂದರು ಮಾಮಾ.

ಯುದ್ಧದ ಕಾಲ ಅದು. ಟೈರು, ಟ್ಯೂಬು ಏನೂ ಸಿಗುತ್ತಿರಲಿಲ್ಲ. ಶಿಗ್ಗಾಂವದ ಅಂಗಡಿಗಳಲ್ಲೆಲ್ಲ ವಿಚಾರಿಸಿ ಬರಿಗೈಲಿ ಬಂದ ಮಾಮಾ, ಹಿಂದಿನ ಬ್ರೇಕಿಗೆ ಹಳೆಯ ಟೈರಿನ ತುಂಡು ಕತ್ತರಿಸಿ ಕೂಡಿಸಿದ್ದರು. ಮುಂದಿನ ಬ್ರೇಕು ಎಂದೋ ಕಳಚಿ ಹೋಗಿತ್ತು. ನನಗೆ ನೆರೆಮನೆಯವರ ಸೈಕಲ್ಲು ಕೊಡಿಸಿದರು. ಹೊರೆಯೆಲ್ಲ ಅವರದು, ನನ್ನದರ ಮೇಲೆ ರೊಟ್ಟಿಯ ಗಂಟು ಮಾತ್ರ.

ಬಂಕಾಪುರ ದಾಟುವಾಗ ಬೆಳಕು ಹರಿಯಿತು. ಗಾಡಿಯವರಿಗೆ ಇಷ್ಟೊಂದು ಸಿಟ್ಟೇಕೆ ಎಂದು ಕೇಳಿದೆ. ಮಾಮಾ ನಕ್ಕರು. ಹಿಂದಿನ ತಿಂಗಳು ಒಬ್ಬನ ಗಾಡಿಯನ್ನು ಹಿಂದೆ ಹಾಕುವಾಗ ಜೋರಾಗಿ ಗಂಟೆ ಬಾರಿಸಿದರಂತೆ. ಆತನ ಹೋರಿ ಬೆದರಿ ತಗ್ಗಿಗೆ ಬಿದ್ದು ಕಾಲು ಮುರಿದುಕೊಂಡಿತಂತೆ.

"ನೀವು ನಿಂತ್ರಿಲ್ಲೋ?"

"ನಿಂತು? ಎತ್ತಿನ ಕಾಲು ತಿಕ್ಕಲೇನು? ಎಲಿ ಒಣಗ್ತಿತ್ತು ನಂದು."

ನನಗೆ ಅವರ ನಗು ಸಹಿಸಲಾಗಲಿಲ್ಲ. ಮುಂದೆ ಹಾನಗಲ್ಲು ದಾಟುವವರೆಗೂ ಅವರಿಗಿಂತ ನಾಲ್ಕು ಮಾರು ಹಿಂದೆಯೇ ಸೈಕಲ್ಲು ತುಳಿದೆ.

ಇಳಿಜಾರಿನ ನೆತ್ತಿಯಲ್ಲಿ ಒಂದು ಕೆರೆ ಇದೆ. ಬಿಸಿಲು ಏರಿತ್ತು. ಮಾಮಾ ಪ್ರತಿ ಸಲದಂತೆ ಅಲ್ಲಿ ನಿಂತು ತಂಬಿಗೆಯಿಂದ ಪೆಂಡಿಗಳ ಮೇಲೆ ನೀರು ಸುರಿದರು. ಬಿಸಿಲು ಹೆಚ್ಚು ಎಂದು ಅಂದು ಇನ್ನೂ ಒಂದಿಷ್ಟು ಸುರಿದರು. ಗೋಣಿತಟ್ಟಿನಿಂದ ನೀರು ಇಳಿದು ಹಿಂದಿನ ಗಾಲಿಯ ರಿಮ್ಮಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅದನ್ನು ಇಬ್ಬರೂ ನೋಡಿದೆವು. ಏನೂ ಅನ್ನಿಸಲಿಲ್ಲ. ಎಲೆ ಹಸಿಯಾಗಿರಬೇಕು, ಅಷ್ಟೇ ತಲೆಯಲ್ಲಿ.

ಕೆಳಗೆ ಗಾಡಿಗಳು ಕಂಡವು. ಸೈಕಲ್ಲುಗಳನ್ನು ಕಂಡವನೇ ಒಬ್ಬ ಕೂಗಿದ, "ಬಂದ ನೋಡಲೇ, ಗಾಳಿ ತುಂಬಿದ ಸಾವಕಾರ!"

ಹಿಂದಿದ್ದ ಗಾಡಿ ಮುಂದಕ್ಕೆ ಸರಿದು ಇನ್ನೊಂದರ ಮಗ್ಗುಲಿಗೆ ನಿಂತಿತು. ಮೋರಿಯ ಮೇಲೆ ಕಾಲಿಡಲೂ ಜಾಗವಿಲ್ಲ. ಮಾಮಾ ಆಗಲೇ ಇಳಿಯತೊಡಗಿದ್ದರು. ಗಂಟೆ ಬಾರಿಸಿದರು. ಬಲಗಡೆಯ ಗಾಡಿಯ ಕೆಂಪು ರುಮಾಲಿನವನು ತಿರುಗಿ ನೋಡಿದ. ನೋಡಿ, ಹಗ್ಗ ಇನ್ನಷ್ಟು ಬಿಗಿದು ಎತ್ತುಗಳನ್ನು ನಿಲ್ಲಿಸಿದ.

"ಮಾಮಾ, ಬ್ರೇಕ್ ಹಿಡೀರಿ!"

"ಹಿಡದೇನೋ! ಹಿಡೀವಲ್ದು!"

ತೊಯ್ದ ರಿಮ್ಮಿನ ಮೇಲೆ ಬ್ರೇಕಿನ ಟೈರುತುಂಡು ಜಾರುತ್ತಿತ್ತು. ಚಪ್ಪಲಿಯ ಕಾಲನ್ನು ನೆಲಕ್ಕೆ ಒತ್ತಿದರು. ಒಂದು ಚಪ್ಪಲಿ ಹಾರಿ ನನ್ನ ಮುಂದೆ ಬಿತ್ತು. ಕೊನೆಯ ಗಳಿಗೆಯಲ್ಲಿ ಹ್ಯಾಂಡಲ್ ಹೊರಳಿಸಿದರು. ಸೈಕಲ್ಲು ಮೋರಿಯ ಕಟ್ಟೆಗೆ ಬಡಿಯಿತು, ಅವರು ಅದರ ಮೇಲಿಂದ ಹಾರಿ ಒಣಗಿದ ಹಳ್ಳದ ಕಲ್ಲುಗಳ ನಡುವೆ ಬಿದ್ದರು. ಪೆಂಡಿ ಬಿಚ್ಚಿ ಹಸಿರೆಲೆ ಕೆಂಪು ಮಣ್ಣಿನ ತುಂಬ ಹರಡಿತು.

ಕೆಂಪು ರುಮಾಲಿನವನು ಏನು ಎಣಿಸಿದ್ದ? ಎಂದಿನಂತೆ ಮಾಮಾ ಬ್ರೇಕು ಹಾಕಿ, ಹಿಂದೆ ನಿಂತು, ನಾಲ್ಕು ಮಾತು ಬೈಯುತ್ತಾರೆ ಎಂದೇ? ಅಥವಾ ಬ್ರೇಕು ಹಿಡಿಯದ್ದನ್ನು ಕಂಡೂ ನಿಂತನೇ? ಅವನ ಮುಖವನ್ನು ಎಷ್ಟು ಸಲ ನೆನಪಿಗೆ ತಂದುಕೊಂಡಿದ್ದೇನೋ. ಒಮ್ಮೆ ಹಾಗೆ ಕಾಣುತ್ತದೆ, ಒಮ್ಮೆ ಹೀಗೆ.

ನಾನು ಹಳ್ಳಕ್ಕೆ ಇಳಿದೆ. ಮಾಮಾನ ಬಲತೊಡೆ ಬಾಗಬಾರದ ಕಡೆಗೆ ಬಾಗಿತ್ತು. ಧೋತರ ರಕ್ತದಲ್ಲಿ ತೊಯ್ಯುತ್ತಿತ್ತು. ನನ್ನ ಟವೆಲ್ಲು ಬಿಗಿದು ಕಟ್ಟಿದೆ, ಅದೂ ತೊಯ್ದಿತು. ಗಾಡಿಯವರಿಬ್ಬರೂ ಕಟ್ಟೆಯ ಮೇಲೆ ನಿಂತು ಕೆಳಗೆ ನೋಡುತ್ತಿದ್ದರು.

"ದಾರಿ ಬಿಡು, ದಾರಿ ಬಿಡು ಅಂತಿದ್ದ. ದಾರೀನ ಇವನ್ನ ಬಿಟ್ಟಿತು ನೋಡು," ಎಂದ ಒಬ್ಬ.

"ಗಾಡ್ಯಾಗ ಹಾಕ್ಕೊಳ್ರಿ. ಹಾನಗಲ್ ದವಾಖಾನಿಗೆ ಒಯ್ಯೂಣು. ನಿಮ್ಮ ಕಾಲಿಗೆ ಬೀಳ್ತೇನ್ರಿ," ಎಂದೆ.

ಕೆಂಪು ರುಮಾಲಿನವನು ಇಳಿದು ಬಂದ. "ನನ್ನ ಹೋರಿ ಕಾಲು ಮುರಕೊಂಡು ತಗ್ಗಿನ್ಯಾಗ ಒದ್ದಾಡಾಕತ್ತಿತ್ತು ತಮ್ಮಾ. ಇವ ಗಂಟಿ ಹೊಡಕೋತ ಹೋದ. ಹೊಳ್ಳಿ ಸುದ್ದಾ ನೋಡಲಿಲ್ಲ."

"ಹೋರಿಗೆ ಕಣ್ಣಿಲ್ಲಂದ್ರ ನಾ ಏನ ಮಾಡ್ಲಿ?" ಎಂದರು ಮಾಮಾ, ಬಿದ್ದಲ್ಲಿಂದಲೇ.

ಆತ ಮಣ್ಣಿನಿಂದ ಒಂದು ಎಲೆ ಆರಿಸಿ, ಒರೆಸಿ, ಮಾಮಾನ ಮುಂದೆ ಹಿಡಿದ. "ತಗೋ. ಕೈಯಾಗ ಎಲಿ ಹಿಡದು ಹೇಳು, ಈ ದಾರಿಗೆ ಸೈಕಲ್ ತರಂಗಿಲ್ಲ ಅಂತ. ಈಗಿಂದೀಗ ಗಾಡಿ ಹೊಳ್ಳಸ್ತೇನಿ."

ನಮ್ಮ ಕಡೆ ಎಲೆ ಹಿಡಿದು ಕೊಟ್ಟ ಮಾತೆಂದರೆ ಮಾತು. ಹೆಣ್ಣು ಕೊಡುವುದೂ, ವ್ಯಾಜ್ಯ ಮುರಿಯುವುದೂ ಅದರ ಮೇಲೇ. ಅದನ್ನು ಮೀರಿದವನ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ. ಮಾಮಾನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು.

"ನನ್ನ ತೋಟದ ಎಲಿ ನನಗ ಕೊಡ್ತೀಯೇನಲೇ?" ಎಂದು ಉಗುಳಿದರು.

"ಸಾಕು ಬಿಡೋ, ಸತ್ತಗಿತ್ತಾನು," ಎಂದ ಕಟ್ಟೆಯ ಮೇಲಿದ್ದವನು.

"ಸಾಯಲಿ. ಬಾಯಿ ಇನ್ನೂ ಸತ್ತಿಲ್ಲ ನೋಡು," ಎಂದ ಕೆಂಪು ರುಮಾಲಿನವನು.

ಮೂವರ ಮೇಲೂ ನನಗೆ ಬಂದ ಸಿಟ್ಟು ಹೇಳತೀರದು. ರಕ್ತ ಹರಿಯುತ್ತಲೇ ಇತ್ತು. ಇವರು ದಾರಿಯ ಸಲುವಾಗಿ ಹಟ ಹಿಡಿದಿದ್ದರು. ನಾನು ಕೈ ಚಾಚಿದೆ.

"ಇಲ್ಲಿ ಕೊಡ್ರಿ. ಮಾತು ನಾ ಕೊಡ್ತೇನಿ. ನಾ ಅವರ ಮನಿಯಾವನ."

ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಕಲತಾವ ಅದಿ. ತಪ್ಪಬಾರದು ಮತ್ತ."

"ಈ ದಾರಿಗೆ ಸೈಕಲ್ ತರೂದಿಲ್ಲ," ಎಂದೆ, ಎಲೆ ಹಿಡಿದು.

"ಯಾರನ್ನ ಕೇಳಿ ಕೊಟ್ಟಿ?" ಮಾಮಾನ ದನಿ ಸೀಳಿಹೋಗಿತ್ತು. "ಏ ಬೀಯೆ, ಯಾರನ್ನ ಕೇಳಿ?"

ಎತ್ತಿ ಗಾಡಿಗೆ ಹಾಕುವಾಗ ಅವರು ಒಮ್ಮೆ ಕೂಗಿದರು. ಕೆಂಪು ರುಮಾಲಿನವನು ಹಾನಗಲ್ಲಿನವರೆಗೆ ಎತ್ತುಗಳನ್ನು ಎಲ್ಲಿಯೂ ನಿಲ್ಲಿಸಲಿಲ್ಲ. ಜೀವ ಉಳಿಯಿತು. ಕಾಲೂ ಉಳಿಯಿತು, ಕೊಂಚ ಗಿಡ್ಡವಾಗಿ. ದವಾಖಾನೆಗೆ ಬಂದ ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ಮಾಮಾ ಗೋಡೆಯ ಕಡೆ ಮುಖ ಹೊರಳಿಸಿದರು.

ಮರುವರ್ಷ ರಜೆಗೆ ಹೋದಾಗ ಸೈಕಲ್ಲು ಪಡಸಾಲೆಯಲ್ಲಿರಲಿಲ್ಲ. ಸಂತೆಗೆ ಹೋಗಿದ್ದಾರೆ ಎಂದಳು ಅಕ್ಕ, ನನ್ನ ಮುಖ ನೋಡದೆ. ಒಂದೇ ಕಾಲಿನ ಬಲದ ಮೇಲೆ ತುಳಿಯುತ್ತಾರಂತೆ. ಮೊದಲ ಸಲ ಹೋದಾಗ ಅದೇ ಮೋರಿಯ ಮೇಲೆ ಗಾಡಿಯವರು ತಡೆದರಂತೆ, ಕೊಟ್ಟ ಮಾತು ಏನಾಯಿತೆಂದು ಕೇಳಿದರಂತೆ.

"ಮಾತ ಕೊಟ್ಟಾವ ಧಾರವಾಡದಾಗ ಅದಾನ. ಅವ ಸೈಕಲ್ ತಂದ್ರ ತಡೀರಿ. ನಾ ಕೊಟ್ಟಿಲ್ಲ," ಎಂದರಂತೆ ಮಾಮಾ.

ಗಾಡಿಯವರು ಬಹಳ ಹೊತ್ತು ನಿಂತು, ಕೊನೆಗೆ ಒಂದು ಗಾಡಿಯನ್ನು ಸೈಕಲ್ಲು ತೂರುವಷ್ಟೇ ಸರಿಸಿದರಂತೆ. ಗಾಲಿಯ ಕೀಲು ಪೆಂಡಿಗೆ ತರಚುವಷ್ಟು ಸಂದಿ. ಮಾಮಾ ಇಳಿದು, ಕುಂಟುತ್ತ, ತಳ್ಳಿಕೊಂಡು ಹೋದರಂತೆ.

ಆ ಮೇಲೆ ನಾನು ಹೋದಾಗಲೆಲ್ಲ ಸಂತೆಯ ಹಿಂದಿನ ಸಂಜೆ ಪೆಂಡಿ ಬಿಗಿಯುತ್ತ ಒಂದೇ ಮಾತು ಕೇಳುತ್ತಿದ್ದರು. "ನಾಳೆ ಬರ್ತೀಯೇನಪಾ ಬೀಯೆ? ಹಾಂ, ಮರತಿದ್ದೆ. ನಿನಗ ದಾರಿ ಇಲ್ಲಲ್ಲ."

ನಾನು ಮಾಡಿದ್ದು ತಪ್ಪೆಂದು ಒಂದು ದಿನವೂ ಅನ್ನಿಸಿಲ್ಲ. ಆದರೂ ಮರುದಿನ ಅವರು ತಿರುಗಿ ಬಂದು ಸೈಕಲ್ಲನ್ನು ಗೋಡೆಗೆ ಆನಿಸುವ ಸಪ್ಪಳ ಕೇಳುವವರೆಗೆ ಅಕ್ಕ ಊಟಕ್ಕೆ ಕರೆದರೂ ಏಳದೆ ಕೂತಿರುತ್ತಿದ್ದೆ. ಸಪ್ಪಳ ಕೇಳಿದ ಮೇಲೆ ಅವರ ಮುಖ ನೋಡಲು ಮನಸ್ಸಾಗದೆ, ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ.